ಮಿಸ್ ನಾನಿಬಾಯಿಯ ತಟ್ಟೆ

ನಮ್ಮೂರಲ್ಲಿ ಸೋಮವಾರ ಸದ್ದಿರುವುದಿಲ್ಲ. ಬೇರೆ ಊರಿನವರಿಗೆ ಹೀಗೆಂದರೆ, "ಓಹೋ, ಅಂಗಡಿಗಳಿಗೆ ರಜೆಯಾ?" ಎಂದು ಕೇಳುತ್ತಾರೆ. ಅಂಗಡಿಗಲ್ಲ ಸ್ವಾಮಿ, ಸದ್ದಿಗೇ ರಜೆ. ನಾಯಿ ಬಾಯಿ ತೆರೆಯುತ್ತದೆ, ಬೊಗಳು ಬರುವುದಿಲ್ಲ. ಪೂಜಾರಪ್ಪ ಗಂಟೆ ಆಡಿಸುತ್ತಾನೆ, ಗಂಟೆ ಸುಮ್ಮನೆ ಆಡುತ್ತದೆ. ಅವತ್ತು ಹುಟ್ಟಿದ ಮಗು ಅತ್ತಿತೋ ಇಲ್ಲವೋ ಎಂಬುದನ್ನು ಸೂಲಗಿತ್ತಿ ಅದರ ಬಾಯಿ ನೋಡಿ ಹೇಳಬೇಕು. ಶಾಲೆಯ ಬರೆಯುವ ಪರೀಕ್ಷೆಗಳೆಲ್ಲ ಸೋಮವಾರವೇ. ಹೆಣ್ಣು ನೋಡುವುದೂ ಸೋಮವಾರವೇ, ಯಾಕೆಂದರೆ ಮೂಲೆಯಲ್ಲಿ ಕೂತು ಆಡಿಕೊಳ್ಳುವ ಚಿಕ್ಕಮ್ಮಂದಿರ ಮಾತು ಅವತ್ತು ಹೆಣ್ಣಿನ ಕಡೆಯವರ ಕಿವಿಗೆ ಬೀಳುವುದಿಲ್ಲ. ಜಗಳ ಬಂದರೆ ಬೆರಳು ತೋರಿಸಿ "ಮಂಗಳವಾರ ಸಿಗು" ಎಂದು ತುಟಿಯಾಡಿಸಿ ಹೋಗುತ್ತೇವೆ. ಮಂಗಳವಾರದ ಹೊತ್ತಿಗೆ ಅರ್ಧ ಜಗಳ ತಣ್ಣಗಾಗಿರುತ್ತದೆ.

ತುಟಿ ಓದುವುದನ್ನು ನಮ್ಮ ಮಕ್ಕಳು ಅಕ್ಷರ ಓದುವುದಕ್ಕೆ ಮೊದಲೇ ಕಲಿಯುತ್ತವೆ. ಹಾಗೆಂದು ಎಲ್ಲವನ್ನೂ ಸರಿಯಾಗಿಯೇ ಓದುತ್ತೇವೆ ಎಂದೇನಲ್ಲ. ಮಜ್ಜಿಗೆ ಕೇಳಿದವನ ಎಲೆಗೆ ಬಜ್ಜಿ ಬೀಳುವುದು ನಮ್ಮೂರ ಸೋಮವಾರದ ಊಟದಲ್ಲಿ ಮಾಮೂಲು. ಬಿದ್ದದ್ದನ್ನು ತಿಂದು ಏಳುತ್ತೇವೆ.

ನಾನು ದಾಕ್ಷಾಯಿಣಿ. ಸುಂಕದಕಟ್ಟೆಯ ಪಕ್ಕದ ಹಿಟ್ಟಿನ ಗಿರಣಿ ನನ್ನದು. ವಾರದಲ್ಲಿ ಆರು ದಿನ ಗಿರಣಿಯ ಗಡಗಡ ಕೇಳಿ ಕೇಳಿ ನನ್ನ ಗಂಟಲು ದೊಡ್ಡದಾಗಿದೆ, ಮಾತು ಒರಟಾಗಿದೆ, ಅದಕ್ಕೆ ನಾನೇನೂ ನಾಚಿಕೊಂಡಿಲ್ಲ. ಸೋಮವಾರ ಗಿರಣಿಗೆ ಬೀಗ ಹಾಕಿ ಹಳೇ ಸಾಮಾನಿನ ಸಂತೆಗೆ ಹೋಗುತ್ತೇನೆ. ಅಪ್ಪ ಬಿಟ್ಟುಹೋದ ಕೊಳವೆ ಬಾಯಿಯ ಗ್ರಾಮಫೋನೊಂದು ಮನೆಯಲ್ಲಿದೆ. ಅದಕ್ಕೆ ತಟ್ಟೆ ಹುಡುಕುವುದು ನನ್ನ ಚಟ. ಸಂತೆಯ ಬಾಗಿಲಿನ ಗೋಡೆಯ ಮೇಲೆ ಪುರಸಭೆಯವರು ಎಂದೋ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ: "ಸೋಮವಾರದ ಹಾಡು ನಂಬಿ ಮೋಸಹೋಗಬೇಡಿ." ನಮ್ಮೂರಲ್ಲಿ ಸೋಮವಾರದ ಹಾಡು ಅಂದರೆ ಹಸೀ ಸುಳ್ಳು. ಯಾರಾದರೂ ಬೊಗಳೆ ಬಿಟ್ಟರೆ "ಸೋಮವಾರ ಹಾಡಿದ್ಲಂತೆ!" ಎಂದು ನಗುತ್ತೇವೆ. ಮಾತು ಎಲ್ಲಿಂದ ಬಂತೆಂದು ನಾನು ಯಾವತ್ತೂ ಕೇಳಿದವಳಲ್ಲ. ಗಾದೆಗೆ ಅಪ್ಪ ಅಮ್ಮ ಇರುತ್ತಾರೆಂದು ಯಾರಿಗೆ ಗೊತ್ತು?

ಆ ಸೋಮವಾರ ಗುಜರಿಯವನ ಗೋಣಿಯ ಮೇಲೆ, ಹಿಡಿ ಮುರಿದ ಕಾವಲಿ ಮತ್ತು ತೂತುಬಿದ್ದ ಲಾಟೀನಿನ ನಡುವೆ ಒಂದು ಕಪ್ಪು ತಟ್ಟೆ ಬಿದ್ದಿತ್ತು. ಅಂಚಿನಲ್ಲಿ ಉಗುರಿನಷ್ಟು ಚೂರು ಹಾರಿತ್ತು. ನಡುವೆ ಹಸಿರು ಚೀಟಿ. ಅದರ ಮೇಲೆ ಮೂರೇ ಸಾಲು. "ಬೀಸುವ ಪದ." "ಹಾಡಿದವರು: ಮಿಸ್ ನಾನಿಬಾಯಿ." ಮೂರನೆಯದು ನಮ್ಮೂರ ಹೆಸರು.

ನಮ್ಮೂರ ಹೆಸರು! ನಕಾಶೆಯಲ್ಲೇ ಇಲ್ಲದ ಹೆಸರು ತಟ್ಟೆಯ ಮೇಲೆ! ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಗುಜರಿಯವನಿಗೆ ಗೊತ್ತಾಗದಿರಲೆಂದು ಮುಖ ಸಿಂಡರಿಸಿಕೊಂಡು, ಟವಲಿನ ಕೆಳಗೆ ಅವನ ಬೆರಳು ಹಿಡಿದು ಚೌಕಾಶಿ ಮಾಡಿದೆ. ನಮ್ಮ ಸೋಮವಾರದ ವ್ಯಾಪಾರ ಹಾಗೆಯೇ ನಡೆಯುವುದು. ಕೊನೆಗೆ ಎರಡು ಸೇರು ಹುರಿಹಿಟ್ಟಿಗೆ ಅವನು ಒಪ್ಪಿದ.

ಮಂಗಳವಾರ ಬೆಳಗ್ಗೆ ಹಲ್ಲುಜ್ಜುವುದಕ್ಕೂ ಮೊದಲು ತಟ್ಟೆ ಹಾಕಿದೆ. ಮುಳ್ಳು ತುದಿಯಿಂದ ನಡುವಿನವರೆಗೂ ಹೋಯಿತು. ಒಗ್ಗರಣೆಗೆ ನೀರು ಸಿಡಿದಂತೆ ಬರೀ ಚರಚರ. ಹಾಡಿಲ್ಲ, ಪದವಿಲ್ಲ, ನಾನಿಬಾಯಿಯಿಲ್ಲ. "ಒಳ್ಳೇ ಸೋಮವಾರದ ಹಾಡು ಹಾಡ್ದ ಕಣೋ ನಂಗೆ" ಎಂದು ಗುಜರಿಯವನನ್ನು ಬೈದು, ಎದ್ದುಹೋಗಿ ಮುಖ ತೊಳೆದೆ.

ಆದರೂ ಚೀಟಿಯ ಮೇಲಿನ ಊರ ಹೆಸರು ಬಿಡಲಿಲ್ಲ. ಹಿಟ್ಟು ಮಾಡಿಸಲು ಬಂದವರನ್ನೆಲ್ಲ ಕೇಳಿದೆ. ನಾನಿಬಾಯಿ ಅನ್ನುವವರು ಯಾರಿಗೂ ಗೊತ್ತಿಲ್ಲ. ಕೊನೆಗೆ ಹಾರ್ಮೋನಿಯಂ ರಿಪೇರಿಯ ರವೂಫ್ ಸಾಬರ ಅಂಗಡಿಗೆ ಹೋದೆ. ಎಂಬತ್ತು ದಾಟಿದ ಜೀವ. ಈ ಊರಲ್ಲಿ ಹಾಡಿದ ಎಲ್ಲರ ಶ್ರುತಿಯೂ ಅವರಿಗೆ ಗೊತ್ತು. ತಟ್ಟೆಯನ್ನು ಕೈಗೆ ತೆಗೆದುಕೊಂಡವರು ಚೀಟಿ ಓದಿ, ಮುಖ ಆ ಕಡೆ ತಿರುಗಿಸಿಕೊಂಡರು.

"ಈ ಹೆಸರಿನವರು ಈ ಊರಲ್ಲಿ ಹುಟ್ಟೇ ಇಲ್ಲ ಬೇಟಿ" ಎಂದರು.

"ಮತ್ತೆ ಚೀಟೀಲಿ ನಮ್ಮೂರ ಹೆಸರು ಐತಲ್ಲ ಚಾಚಾ?"

"ಊರ ಹೆಸರು ಸರಿ ಐತೆ" ಎಂದಷ್ಟೇ ಹೇಳಿ ಹಾರ್ಮೋನಿಯಂ ಒಂದರ ಹೊಟ್ಟೆಯೊಳಗೆ ತಲೆ ಹಾಕಿಬಿಟ್ಟರು. ನನ್ನಂಥವಳಿಗೆ ಇಂಥ ಉತ್ತರ ಕೊಟ್ಟರೆ ನಿದ್ದೆ ಬಂದೀತೇ?

ಮುಂದಿನ ಸೋಮವಾರ ಮಧ್ಯಾಹ್ನ ಗ್ರಾಮಫೋನಿಗೆ ಎಣ್ಣೆ ಬಿಡುತ್ತಿದ್ದೆ. ಸದ್ದಿಲ್ಲದ ದಿನ ಯಾರೂ ಗ್ರಾಮಫೋನ್ ಹಾಕುವುದಿಲ್ಲ, ಆದ್ದರಿಂದ ಅದರ ಸೇವೆಗೆ ಅದೇ ಒಳ್ಳೆಯ ದಿನ. ಎಣ್ಣೆ ಬಿಟ್ಟ ಮೇಲೆ ತಿರುಗಣೆ ಸರಾಗವಾಗಿ ಓಡುತ್ತದೆಯೇ ಎಂದು ನೋಡಬೇಕು. ಒಳ್ಳೆಯ ತಟ್ಟೆಗೆ ಎಣ್ಣೆ ಮೆತ್ತೀತೆಂದು ಈ ಕೆಲಸಕ್ಕೆ ಬಾರದ್ದನ್ನು ಹಾಕಿ, ಕೀಲಿ ಕೊಟ್ಟು, ಮುಳ್ಳು ಇಳಿಸಿದೆ.

ಹೆಂಗಸೊಬ್ಬಳು ಹಾಡಿದಳು.

ನಾನು ಹಿಂದಕ್ಕೆ ಹಾರಿ ಎಣ್ಣೆಯ ಗಿಂಡಿ ಬೀಳಿಸಿದೆ. ಗಿಂಡಿ ಬಿದ್ದದ್ದು ಕೇಳಲಿಲ್ಲ. ಹಾಡು ಮಾತ್ರ ಕೇಳುತ್ತಿತ್ತು. ನಲವತ್ತೇಳು ವರ್ಷದ ನನ್ನ ಬದುಕಿನಲ್ಲಿ ಸೋಮವಾರ ನನ್ನ ಕಿವಿಗೆ ಬಿದ್ದ ಮೊದಲ ಸದ್ದು ಅದು. ಹಿಂದೆ ಬೀಸುವ ಕಲ್ಲಿನ ಗರಗರ, ಅದರ ಮೇಲೆ ಎಳೆಯ ವಯಸ್ಸಿನ, ಯಾರಿಗೂ ಸೊಪ್ಪು ಹಾಕದ ಒಂದು ದನಿ:

"ಕಲ್ಲವ್ವ ತಿರುಗವ್ವ, ಎಲ್ಲಾರು ಸುಮ್ಮನವ್ರೆ,
ಸೊಲ್ಲಿಲ್ಲದ ದಿನಕೆ ಸೊಲ್ಲಾಗಿ, ನನ್ನವ್ವ,
ಬೆಲ್ಲಾದ ಹಾಡ ಬೀಸವ್ವ."

ಹಾಡು ಮುಗಿದ ಮೇಲೆ ಕಲ್ಲು ನಿಂತಿತು. ಗಂಡಸೊಬ್ಬ "ಹೆಸರು?" ಎಂದು ಕೇಳಿದ. ಆ ಕಾಲದ ತಟ್ಟೆಗಳ ಕೊನೆಯಲ್ಲಿ ಹಾಡಿದವರು ತಮ್ಮ ಹೆಸರು ಹೇಳುವ ರೂಢಿಯಿತ್ತು. ಹೆಂಗಸು ಠೀವಿಯಿಂದ, ನಾ ಎಂಬುದನ್ನು ಉದ್ದಕ್ಕೆ ಎಳೆದು, ನೇ ಎಂಬುದನ್ನು ಪಟಕ್ಕನೆ ಕತ್ತರಿಸಿ ಹೇಳಿದಳು: "ನಾ...ನೇ!"

ಹೆಸರು ಕೇಳಿದರೆ ನಾನೇ ಅನ್ನುತ್ತಾಳಲ್ಲ, ಎಂಥ ಜಂಬದ ಹೆಣ್ಣಪ್ಪಾ ಎಂದು ಮೊದಲು ನಗು ಬಂತು. ಆಮೇಲೆ ಹೊಳೆಯಿತು. ನಮ್ಮೂರವಳಿಗೆ ಸೋಮವಾರ ಪ್ರಶ್ನೆ ಎಲ್ಲಿ ಕೇಳುತ್ತದೆ? ಅವಳು ಅವನ ತುಟಿ ಓದಿದ್ದಾಳೆ. "ಹೆಸರು" ಎಂದದ್ದನ್ನು "ಯಾರು" ಎಂದು ಓದಿದ್ದಾಳೆ. ಯಾರು ಹಾಡಿದ್ದೆಂದರೆ ಮತ್ತೇನು ಹೇಳಬೇಕು? ನಾನೇ! ತಟ್ಟೆ ಮಾಡಿದ ಕಂಪನಿಯವರು ದೂರದ ಊರಲ್ಲಿ ಕೂತು ಅದನ್ನೇ ಹೆಸರೆಂದುಕೊಂಡು ಮಿಸ್ ನಾನಿಬಾಯಿ ಎಂದು ಅಚ್ಚುಹಾಕಿದ್ದಾರೆ. ನಾನು ಇಷ್ಟು ದಿನ ಹುಡುಕಿದ್ದು ಒಂದು ಬಜ್ಜಿಯನ್ನು, ಕೇಳಿದ್ದು ಮಜ್ಜಿಗೆ.

ಮಂಗಳವಾರ ರವೂಫ್ ಸಾಬರ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. "ಚಾಚಾ, ತಟ್ಟೆ ಹಾಡ್ತು. ನಿನ್ನೆ. ಸೋಮವಾರ" ಎಂದೆ. ಅವರ ಕೈಯಲ್ಲಿದ್ದ ಬೀಗದ ಕೈ ಕೆಳಗೆ ಬಿತ್ತು. ಅಂಗಡಿಯ ಮೆಟ್ಟಿಲ ಮೇಲೇ ಕೂತುಬಿಟ್ಟರು.

"ಅರವತ್ತು ವರ್ಷ ಆಯ್ತು ಬೇಟಿ" ಎಂದು ಶುರುಮಾಡಿದರು. "ಕಂಪನಿಯವನು ಮಿಷನ್ನು ತಂದು ಛತ್ರದಲ್ಲಿ ಮೂರು ದಿನ ಇಳ್ದಿದ್ದ. ಶನಿವಾರ, ಭಾನುವಾರ ಊರಿನ ದೊಡ್ಡ ದೊಡ್ಡ ಹಾಡುಗಾರ್ರೆಲ್ಲ ಹಾಡಿದ್ರು. ಆ ಹುಡ್ಗಿ ಮನೆ ಮನೆ ರಾಗಿ ಬೀಸೋಳು. ಅವಳನ್ನ ಯಾರೂ ಒಳಗೆ ಬಿಡ್ಲಿಲ್ಲ. ಸೋಮವಾರ ಛತ್ರದಲ್ಲಿ ಯಾರೂ ಇರ್ಲಿಲ್ಲ. ಅವಳು ಬೀಸೋ ಕಲ್ಲು ತಲೆ ಮೇಲೆ ಹೊತ್ಕೊಂಡು ಹೋಗಿ ಅವನ ಮುಂದೆ ಕೂತ್ಲು. ಆತ ಪರಸ್ಥಳದವನು, ನಮ್ಮೂರ ರೀತಿ ಏನು ಗೊತ್ತು? ತನ್ನ ಕಿವೀನೇ ಕಟ್ಟಿರ್ಬೇಕು ಅಂದ್ಕೊಂಡ. ಬಾಯಿ ಆಡ್ತದೆ, ಕಲ್ಲು ತಿರುಗ್ತದೆ, ಸರಿ ಅಂತ ಮಿಷನ್ನು ಓಡಿಸ್ದ. ಮೂರು ತಿಂಗಳಿಗೆ ತಟ್ಟೆ ಬಂದ್ವು. ಅವಳು ಸಂತೆ ತುಂಬಾ ಹೇಳ್ಕೊಂಡು ಬಂದ್ಲು, ನಾನು ಸೋಮವಾರ ಹಾಡಿದೀನಿ ಕೇಳ್ಬನ್ನಿ ಅಂತ. ಮಂಗಳವಾರ ಸಂತೆ ಬಾಗಿಲಲ್ಲಿ ಹಾಕಿದ್ವಿ. ಬರೀ ಚರಚರ. ಹೆಂಗೆ ನಕ್ವಿ ಅಂತೀಯಾ! ಆ ತಟ್ಟೆ ಹಾಕ್ದೋನು ನಾನೇ. ಮೊದ್ಲು ನಕ್ಕೋನೂ ನಾನೇ. ಗಾದೆ ಹುಟ್ಟಿದ್ದು ಅವತ್ತೇ."

"ಯಾರು ಚಾಚಾ ಅವರು? ಇದಾರಾ?"

"ಇದಾರೆ. ಹೆಸರು ನನ್ನ ಬಾಯಲ್ಲಿ ಬೇಡ. ನಕ್ಕ ಬಾಯಿ ಇದು. ಹೇಳೋದಾದ್ರೆ ಅವರೇ ಹೇಳ್ಬೇಕು."

ಎಷ್ಟು ಗೋಗರೆದರೂ ಅವರು ಬಾಯಿ ಬಿಡಲಿಲ್ಲ. ಮನೆಗೆ ಬರುವಾಗ ನಾನು ಎಷ್ಟು ಸಲ, ಯಾರಿಗೆಲ್ಲ ಆ ಗಾದೆ ಹೇಳಿದ್ದೇನೆಂದು ನೆನೆಸಿಕೊಂಡೆ. ಎಣಿಸಲು ಎರಡು ಕೈಯ ಬೆರಳು ಸಾಲಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗುರುವಾರ ಗಿರಣಿ ಓಡುತ್ತಿತ್ತು. ಬಾಗಿಲಿಗೆ ಬೆನ್ನು ಹಾಕಿ ಹಿಟ್ಟಿನ ಚೀಲದ ಬಾಯಿ ಕಟ್ಟುತ್ತಿದ್ದೆ. ಹಿಂದೆ ಡಬ್ಬಿ ಇಟ್ಟ ಸದ್ದಾಯಿತು. "ಯಾರದೂ?" ಎಂದು ಕೂಗಿದೆ.

"ನಾ...ನೇ!"

ನನ್ನ ಕೈ ಅಲ್ಲೇ ನಿಂತಿತು. ಗಿರಣಿಯ ಗುಂಡಿ ಒತ್ತಿ ನಿಲ್ಲಿಸಿ ತಿರುಗಿ ನೋಡಿದೆ. ಮೂಲೆಮನೆ ಅಜ್ಜಿ. ಇಪ್ಪತ್ತು ವರ್ಷದಿಂದ ಗುರುವಾರ ಗುರುವಾರ ರಾಗಿ ಡಬ್ಬಿ ಹೊತ್ತು ಬರುವ, ಕಡ್ಡಿಯಂಥ, ಬೆನ್ನು ಮಾತ್ರ ನೆಟ್ಟಗಿರುವ ಅಜ್ಜಿ. ಇಪ್ಪತ್ತು ವರ್ಷವೂ ನಾನು ಯಾರದು ಎಂದಿದ್ದೇನೆ, ಅವರು ನಾನೇ ಎಂದಿದ್ದಾರೆ. ಅವರ ಹೆಸರೇನೆಂದು ಕೇಳಬೇಕೆಂದು ನನಗೆ ಒಂದು ದಿನವೂ ತೋಚಿಲ್ಲ. ಸಾಲದ್ದಕ್ಕೆ ಕಳೆದ ತಿಂಗಳು, "ರಾಗೀಲಿ ಒಂದು ಕಲ್ಲಿಲ್ಲ, ಆರ್ಸಿದೀನಿ ಕಣವ್ವ" ಎಂದು ಅವರು ಹೇಳಿದಾಗ, "ಸೋಮವಾರದ ಹಾಡು ಹಾಡ್ಬೇಡಜ್ಜಿ" ಎಂದು ಇದೇ ಬಾಯಿಂದ ಅಂದು, ಅವರ ಕಣ್ಣೆದುರೇ ರಾಗಿಯನ್ನು ಜರಡಿ ಹಿಡಿದಿದ್ದೆ. ಅವರು ಹಿಟ್ಟು ತೆಗೆದುಕೊಂಡು ಹೋಗಿದ್ದರು.

"ಯಾಕವ್ವ ಗಿರಣಿ ನಿಲ್ಸ್ದೆ? ಕರೆಂಟು ಹೋಯ್ತಾ?" ಎಂದರು ಅಜ್ಜಿ.

"ಅಜ್ಜಿ" ಎಂದೆ. ನನ್ನ ದೊಡ್ಡ ಗಂಟಲು ಅವತ್ತು ಸಣ್ಣದಾಗಿತ್ತು. "ಕಲ್ಲವ್ವ ತಿರುಗವ್ವ, ಎಲ್ಲಾರು ಸುಮ್ಮನವ್ರೆ. ನೀವಾ ಹಾಡಿದ್ದು?"

ಅಜ್ಜಿಯ ಮುಖ ಬಿಗಿಯಿತು. ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟರು. ನಾನು ಅಡ್ಡ ನಿಂತೆ.

"ನಗೋಕೆ ಇನ್ನೊಬ್ಳು ಹುಟ್ಕೊಂಡ್ಲಾ?" ಎಂದರು. "ದಾರಿ ಬಿಡು. ನಕ್ಕೋರೆಲ್ಲ ಸತ್ತು ಮಣ್ಣಾದ್ರೂ ನಿಮ್ಮ ನಗು ಮುಗೀಲಿಲ್ಲ."

"ನಗ್ತಿಲ್ಲ ಅಜ್ಜಿ. ನಾನು ಕೇಳ್ದೆ. ಸೋಮವಾರ ಹಾಕಿದ್ರೆ ಆ ತಟ್ಟೆ ಹಾಡುತ್ತೆ. ಮಂಗಳವಾರ ಹಾಕಿದ್ದೇ ಎಲ್ಲರೂ ಮಾಡಿದ ತಪ್ಪು."

ಅಜ್ಜಿ ಡಬ್ಬಿ ಕೆಳಗಿಟ್ಟರು. ಇಟ್ಟವರು ಅದರ ಮೇಲೇ ಕೂತರು. ಆಮೇಲೆ ಅವರು ಕೇಳಿದ ಪ್ರಶ್ನೆ ನಾನು ಸಾಯುವವರೆಗೂ ಮರೆಯುವುದಿಲ್ಲ.

"ಹೆಂಗಿತ್ತವ್ವ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವರು ಹಾಡಿದ್ದು ಸೋಮವಾರ. ಹಾಡುವಾಗ ಅವರಿಗೇ ಕೇಳಿಲ್ಲ. ತಟ್ಟೆ ಬಂದ ಮೇಲೂ ಕೇಳಿಲ್ಲ. ಇಡೀ ಜಗತ್ತಿನಲ್ಲಿ ಆ ಹಾಡನ್ನು ಕೇಳದೇ ಇದ್ದವರಲ್ಲಿ ಹಾಡಿದವರೂ ಒಬ್ಬರು.

"ಶ್ರುತಿ ತಪ್ಪಿತ್ತಾ? ಎರಡನೇ ನುಡೀಲಿ ಉಸಿರು ಸಾಲ್ದೆ ಹೋಗಿತ್ತಾ ಅಂತ ನಂಗೆ ಅವತ್ತಿಂದ ಅನುಮಾನ" ಎಂದರು. "ಕಿವೀಗೆ ಕೇಳ್ದಿದ್ರೂ ಗಂಟಲಿಗೆ ಗೊತ್ತಾಗುತ್ತೆ. ಚೆನ್ನಾಗೇ ಬಂತು ಅಂತ ಗಂಟಲು ಹೇಳ್ತು. ಕಂಪನಿಯೋನು ಯಾರು ಅಂದ. ನಾನೇ ಅಂದೆ. ಅದ್ರಲ್ಲಿ ಏನು ತಪ್ಪು?"

"ಅವನು ಕೇಳಿದ್ದು ಹೆಸರು ಅಜ್ಜಿ. ಅದ್ಕೇ ಚೀಟಿ ಮೇಲೆ ನಾನಿಬಾಯಿ ಅಂತ ಹಾಕಿದಾನೆ."

ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಅಯ್ಯೋ ಅವನ ಮನೆ ಕಾಯಾ! ಅವತ್ತು ಬರೀ ಚರಚರ ಅಂದ್ಮೇಲೆ, ಈ ನಾನಿಬಾಯಿ ಯಾರೋ ಬೇರೆಯೋಳು, ನನ್ನ ತಟ್ಟೆ ಬರ್ಲೇ ಇಲ್ಲ ಅಂದ್ಕೊಂಡಿದ್ದೆ ಎಷ್ಟೋ ದಿನ" ಎಂದರು.

ನನ್ನ ಮನೆಗೆ ಬಂದು ಕೇಳಿಸಿಕೊಳ್ಳಿ ಎಂದೆ. ಅಜ್ಜಿ ಅಡ್ಡಡ್ಡ ತಲೆಯಾಡಿಸಿದರು. "ನಿನ್ನ ಮನೇಲಿ ಬೇಡ. ನಕ್ಕಿದ್ದು ಸಂತೇಲಿ, ಕೇಳೋದೂ ಸಂತೇಲೇ ಆಗ್ಲಿ. ನಾನೂ ಅಲ್ಲೇ ಕೇಳ್ತೀನಿ." ಎದ್ದು ನಿಂತು ಸೆರಗು ಸರಿಮಾಡಿಕೊಂಡು, "ಹಾಡ್ಲಿಲ್ಲ ಅಂದ್ರೆ ಇನ್ನೊಂದ್ಸಲ ನಗ್ತಾರೆ. ತಡ್ಕೋತೀನಿ. ಆದ್ರೆ ಎರಡನೇ ನುಡಿ ಕೆಟ್ಟಿದ್ರೆ ತಡ್ಕೊಳ್ಳಲ್ಲ" ಎಂದರು.

ಆ ಮೂರು ದಿನ ನಾನು ತಟ್ಟೆಯನ್ನು ಹಸುಗೂಸಿನಂತೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಇದ್ದದ್ದು ಅದೊಂದೇ. ಅಂಚಿನ ಮುಕ್ಕು ಇನ್ನೊಂದು ಗೆರೆಯಷ್ಟು ಬಿರಿದರೂ ಮುಗಿಯಿತು.

ಸೋಮವಾರ ಬೆಳಗ್ಗೆ ಸಂತೆಯ ಬಾಗಿಲಲ್ಲಿ, ಪುರಸಭೆಯ ಬರಹದ ಕೆಳಗೇ ಮೇಜು ಹಾಕಿ ಗ್ರಾಮಫೋನ್ ಇಟ್ಟೆ. ಸದ್ದಿಲ್ಲದ ದಿನ ಇವಳಿಗೇನು ಬಂತು ಎಂದು ಜನ ತುಟಿಯಾಡಿಸಿದರು. ಒಬ್ಬ ತಲೆಯ ಪಕ್ಕ ಬೆರಳು ತಿರುಗಿಸಿ ನನಗೆ ಹುಚ್ಚೆಂದು ತೋರಿಸಿದ. ಇನ್ನೊಬ್ಬ ಗೋಡೆಯ ಬರಹ ತೋರಿಸಿ ನಕ್ಕ. ಅಜ್ಜಿ ಮಡಿಕೆಯ ಗೆರೆ ಬಿದ್ದ ಹಳೇ ಕೆಂಪು ಸೀರೆ ಉಟ್ಟು ಗುಂಪಿನ ನಡುವೆ ನಿಂತಿದ್ದರು. ಯಾಕೆಂದು ಯಾರಿಗೂ ಗೊತ್ತಿಲ್ಲ. ರವೂಫ್ ಸಾಬರು ಕೋಲೂರಿಕೊಂಡು ಬಂದು ಮೇಜಿನ ಪಕ್ಕ ನಿಂತರು. ನಾನು ಮುಳ್ಳನ್ನು ಅವರ ಕೈಗೆ ಕೊಟ್ಟೆ. ಅವತ್ತು ಹಾಕಿದವರು ಅವರೇ ತಾನೇ! ಅವರು ಅದನ್ನು ಇಳಿಸಿದರು.

ಗರಗರ ಎಂದು ಕಲ್ಲು ತಿರುಗಿತು.

ಸಂತೆ ನಿಂತಲ್ಲೇ ನಿಂತಿತು. ಟವಲಿನ ಕೆಳಗೆ ಬೆರಳು ಹಿಡಿದವರು ಬೆರಳು ಬಿಡುವುದನ್ನು ಮರೆತರು. ತಕ್ಕಡಿ ಎತ್ತಿದ ಸೊಪ್ಪಿನವಳು ಎತ್ತಿದ ಕೈ ಇಳಿಸಲಿಲ್ಲ. ಮಕ್ಕಳು ಅಮ್ಮಂದಿರ ಸೀರೆಗೆ ಆತುಕೊಂಡವು. ಕಲ್ಲವ್ವ ತಿರುಗವ್ವ ಎಂದು ದನಿ ಎದ್ದಾಗ ನಾನು ಅಜ್ಜಿಯನ್ನೇ ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿ, ಕತ್ತು ಒಂದು ಕಡೆ ವಾಲಿಸಿ, ಪರೀಕ್ಷೆ ಮಾಡುವ ಮೇಷ್ಟರಂತೆ ಕೇಳುತ್ತಿದ್ದರು. ಎರಡನೇ ನುಡಿ ಬಂತು. ದನಿ ಏರಿತು, ಏರಿ ಅಲ್ಲಿಯೇ ನಿಂತಿತು, ಉಸಿರು ಎಳ್ಳಷ್ಟೂ ಅಲುಗಲಿಲ್ಲ. ಅಜ್ಜಿ ಕಣ್ಣು ಬಿಟ್ಟು ನನ್ನ ಕಡೆ ನೋಡಿ, ಹುಬ್ಬು ಹಾರಿಸಿದರು.

ಕಲ್ಲು ನಿಂತಿತು. "ಹೆಸರು?" ಎಂದಿತು ಗಂಡಸಿನ ದನಿ.

"ನಾ...ನೇ!" ಎಂದಿತು ತಟ್ಟೆ. ಅದೇ ಗಳಿಗೆಗೆ ಅಜ್ಜಿ ತಮ್ಮ ಎದೆಯ ಮೇಲೆ ಅಂಗೈ ಬಡಿದುಕೊಂಡರು. ಬಡಿದದ್ದು ಯಾರಿಗೂ ಕೇಳಲಿಲ್ಲ, ಆದರೆ ನೋಡದವರು ಒಬ್ಬರೂ ಇರಲಿಲ್ಲ.

ಸೋಮವಾರ ಚಪ್ಪಾಳೆ ಇಲ್ಲ. ಮೆಚ್ಚಿದ್ದಕ್ಕೆ ನಮ್ಮಲ್ಲಿ ಹೆಗಲ ಮೇಲಿನ ಬಟ್ಟೆ ತೆಗೆದು ಬೀಸುತ್ತೇವೆ. ಅವತ್ತು ಸಂತೆಯ ತುದಿಯಿಂದ ತುದಿಗೆ ಟವಲು, ಸೆರಗು, ತರಕಾರಿ ಮುಚ್ಚಿದ್ದ ಗೋಣಿಯ ತುಂಡು ಸಹ ಮೇಲೆ ಹಾರಿದವು. ನನಗೆ ಹುಚ್ಚೆಂದವನ ಟವಲು ಎಲ್ಲರಿಗಿಂತ ಎತ್ತರದಲ್ಲಿತ್ತು. ರವೂಫ್ ಸಾಬರು ಮೇಜು ಹಿಡಿದುಕೊಂಡು ಅಳುತ್ತಿದ್ದರು. ಅಜ್ಜಿ ಅವರ ಹತ್ತಿರ ಹೋಗಿ ಏನೋ ತುಟಿಯಾಡಿಸಿದರು. ನಾನು ಪಕ್ಕದಲ್ಲೇ ಇದ್ದೆ, ಓದಬಹುದಿತ್ತು. ಓದಲಿಲ್ಲ. ನನ್ನ ಊರು ಅಂತ ನನಗೆ ಅವತ್ತು ಆದ ಹೆಮ್ಮೆ ಚೀಟಿಯ ಮೇಲೆ ಅದರ ಹೆಸರು ಕಂಡಾಗಲೂ ಆಗಿರಲಿಲ್ಲ.

ಮಂಗಳವಾರ ಗಿರಣಿಗೆ ಹೋಗುವಾಗ ನೋಡುತ್ತೇನೆ, ಸಂತೆಯ ಗೋಡೆಯ ಮುಂದೆ ರವೂಫ್ ಸಾಬರು ಸುಣ್ಣದ ಬಕೆಟ್ಟು ಇಟ್ಟುಕೊಂಡು ಕೈ ಒರೆಸಿಕೊಳ್ಳುತ್ತಿದ್ದರು. ಪುರಸಭೆಯ ಬರಹದ ಕೊನೆಯ ಪದದ ಮೇಲೆ ಮಾತ್ರ ಸುಣ್ಣ ಬಳಿದಿದ್ದರು. ಈಗ ಅಲ್ಲಿ ಉಳಿದಿರುವುದು ಇಷ್ಟೇ: "ಸೋಮವಾರದ ಹಾಡು ನಂಬಿ." ಪುರಸಭೆಯವರು ಬಂದು ನೋಡಿದರು. ಹೊಸದಾಗಿ ಬರೆಯುವ ಖರ್ಚು ಉಳಿಯಿತೆಂದು ಹೋದರು.

ಗುರುವಾರ ಗಿರಣಿ ಓಡುತ್ತಿತ್ತು. ಹಿಂದೆ ಡಬ್ಬಿ ಇಟ್ಟ ಸದ್ದಾಯಿತು. ಯಾರೆಂದು ನನಗೆ ಗೊತ್ತಿತ್ತು. ಆದರೂ ಗಿರಣಿ ನಿಲ್ಲಿಸಿ, ಸದ್ದೆಲ್ಲ ಅಡಗಿದ ಮೇಲೆ ಬೇಕೆಂದೇ ಕೇಳಿದೆ, "ಯಾರದೂ?"

ತಿರುಗಿ ನೋಡಿದೆ. ಅಜ್ಜಿ ಬೆನ್ನು ನೆಟ್ಟಗೆ ಮಾಡಿ, ಎದುರಿಗೆ ಮಿಷನ್ನು ಇದೆಯೇನೋ ಎಂಬಂತೆ ಗಂಟಲು ಸರಿಮಾಡಿಕೊಂಡರು.

"ಹೊನ್ನಾಜಮ್ಮ" ಎಂದರು. "ಬೀಸೋ ಪದದ ಹೊನ್ನಾಜಮ್ಮ. ರಾಗೀಲಿ ಒಂದು ಕಲ್ಲಿಲ್ಲ, ಆರ್ಸಿದೀನಿ."

ನಾನು ಡಬ್ಬಿ ಎತ್ತಿ, ಜರಡಿಗೆ ಹಾಕದೆ ನೇರವಾಗಿ ಗಿರಣಿಯ ಬಾಯಿಗೆ ಸುರಿದೆ.